ಹಸಿ ಉಸುಕಿನಲ್ಲಿಟ್ಟ ನೀರು

ಕುಷ್ಟಗಿಯ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ವಿರೂಪಾಕ್ಷಮ್ಮನವರು ಹುಟ್ಟಿದ್ದು ಇರಕಲ್ಲಗಡದಲ್ಲಿ. ನಿವೃತ್ತಿ ಹತ್ತಿರವಾದರೂ ಸಮುದ್ರವನ್ನು ಕಂಡವರಲ್ಲ. ಕಳೆದ ಡಿಸೆಂಬರಿನಲ್ಲಿ ನಾವು ಕೆಲವರು ಕುಮಟಾದ ಕಡೆ ಕಡಲ ದಂಡೆಯುದ್ದಕ್ಕೂ ಮೂರು ದಿನ ನಡೆಯಲು ಹೊರಟಾಗ ಅವರೂ ಹೆಸರು ಕೊಟ್ಟರು. ರಾತ್ರಿ ಡೇರೆಯಲ್ಲಿ ವಾಸ. ಕೊನೆಯ ದಿನ ಕಡಲೊಳಕ್ಕೆ ಚಾಚಿದ ಗುಡ್ಡದ ತುದಿ.

"ಅಲ್ಲಿ ಮೂರೂ ಕಡಿ ನೀರು ಅಂತಲ್ರಿ, ಒಮ್ಮೆ ನಿಂತು ನೋಡಬೇಕು," ಎಂದಿದ್ದರು.

ಅವರ ನಾದಿನಿ ನಕ್ಕಿದ್ದಳು: "ಬಸ್‌ಸ್ಟ್ಯಾಂಡಿಗೆ ಹೋಗಾಕೂ ಆಟೋ ಬೇಕು ನಮ್ಮ ವೈನಿಗೆ, ಗುಡ್ಡ ಏರತಾರಂತ!"

ಅವರು ನಿಧಾನವಾಗಿ, ಆದರೆ ನಿಲ್ಲದೆ ನಡೆದರು. ಎರಡನೆಯ ಸಂಜೆ ಗುಡ್ಡದ ಬುಡದಲ್ಲಿ ಡೇರೆ ಹಾಕಿದೆವು. ಮುಂದೆ ಸಿಹಿನೀರಿಲ್ಲ, ತುಂಬಿಸಿ ತಂದ ಎರಡು ಕ್ಯಾನುಗಳೇ ಆಧಾರ. ವಿರೂಪಾಕ್ಷಮ್ಮನವರು ಅವನ್ನು ದಂಡೆಗೆ ಒಯ್ದು ಹಸಿ ಉಸುಕಿನಲ್ಲಿ ಕುತ್ತಿಗೆಯವರೆಗೆ ಹೂತು, ಮುಚ್ಚಳ ತೆಗೆದು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿದರು. ಅವರ ಊರಿನ ಹಳ್ಳದಲ್ಲಿ ನೀರನ್ನು ಹಾಗೆಯೇ ತಂಪಿಗಿಡುತ್ತಿದ್ದರು.

ಬೆಳಿಗ್ಗೆ ಕ್ಯಾನುಗಳು ಅಲ್ಲೇ ಇದ್ದವು, ನೀರು ಉಪ್ಪಾಗಿತ್ತು. ರಾತ್ರಿ ಉಬ್ಬರ ಬಂದು ಹೋಗಿತ್ತು.

ನಮ್ಮನ್ನು ಕರೆತಂದಿದ್ದ ಗಂಗಾವತಿಯ ಯೂಸುಫ ತಲೆಯಾಡಿಸಿದ. "ನೀರಿಲ್ಲದ ನಿಮ್ಮನ್ನ ಗುಡ್ಡ ಏರಸಾಕ ಆಗೂದಿಲ್ರಿ. ಹಿಂದಿನ ಮನಿಗೋಳು ದೂರ ಅದಾವು, ಹೋಗಿ ಬರೂದ್ರೊಳಗ ಬಿಸಲೇರತೈತಿ. ದೋಣಿ ಕರಸ್ತೀನಿ, ವಾಪಸ್ ಹೋಗೂಣು."

"ಬಿಸಲೇನು ನಮಗ ಹೊಸಾದೇನ್ರಿ? ತಪ್ಪು ನಂದೈತಿ, ನೀರೂ ನಾನ ತರ್ತೀನಿ. ದೋಣಿಗೆ ಈಗ ಹೇಳಬ್ಯಾಡ್ರಿ," ಎಂದು ವಿರೂಪಾಕ್ಷಮ್ಮನವರು ಕ್ಯಾನು ಬರಿದು ಮಾಡಿ, ಹಿಂದಿನ ದಿನ ದಾಟಿಬಂದಿದ್ದ ಮೀನುಗಾರರ ಮನೆಗಳತ್ತ ನಡೆದರು. ಒಂದನ್ನು ನಾನು ಹಿಡಿದುಕೊಂಡು ಜೊತೆಗೆ ಹೋದೆ.

ಮೊದಲ ಮನೆಯ ಹೆಂಗಸು ಬಾವಿಯಿಂದ ನೀರು ಸೇದುತ್ತಲೇ ಕತೆ ಕೇಳಿ ನಕ್ಕಳು. "ಅಲ್ಲ ಅಮ್ಮಾ, ಸಮುದ್ರ ಏರ್ತದೆ ಹೇಳಿ ಗೊತ್ತಿಲ್ವ ನಿಮಗೆ?"

"ಇಲ್ಲವ್ವಾ. ನಮ್ಮ ಹಳ್ಳದಾಗ ಹ್ವಾದ ನೀರು ಹೊಳ್ಳಿ ಬರೂದಿಲ್ಲ."

ಹೆಂಗಸು ಎರಡೂ ಕ್ಯಾನು ತುಂಬಿಸಿದಳು. ವಿರೂಪಾಕ್ಷಮ್ಮನವರು ಚೀಲದಲ್ಲಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಅವಳ ಕೈಗಿಟ್ಟರು.

ನಾವು ಮರಳಿದಾಗ ಯೂಸುಫ ಡೇರೆ ಮಡಚಿ ಕಾಯುತ್ತಿದ್ದ. ದೋಣಿಗೆ ಹೇಳಿರಲಿಲ್ಲ. "ಕ್ಯಾನು ಇನ್ನ ನನ್ನ ಹತ್ರ ಇರಲಿ ಅಕ್ಕಾರ," ಎಂದ.

"ಒಂದು ನನಗ ಬಿಡಪಾ."

ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟಿದೆವು. ಉಳಿದವರೆಲ್ಲ ಅಂಚಿಗೆ ಓಡಿದರು. ವಿರೂಪಾಕ್ಷಮ್ಮನವರು ಎಲ್ಲಕ್ಕಿಂತ ಎತ್ತರದ ಬಂಡೆಯನ್ನು ಹುಡುಕಿ, ಅದರ ಮೇಲೆ ಕ್ಯಾನು ಇಟ್ಟು, ಮುಚ್ಚಳವನ್ನು ಇನ್ನೊಮ್ಮೆ ಬಿಗಿದರು.

"ಇಲ್ಲೀತನಕ ಏರೂದಿಲ್ಲಲ್ಲ, ಯೂಸುಫ?"

"ಇಲ್ರಿ ಅಕ್ಕಾರ."

ಆಮೇಲೆ ಅವರು ಸೆರಗು ಸಿಕ್ಕಿಸಿಕೊಂಡು ಸಮುದ್ರದ ಕಡೆ ತಿರುಗಿದರು.