ಆಚೆಮನೆಯ ಅಕ್ಕನ ಕೊಡತಿ

ಕೆಲವು ವರ್ಷಗಳ ಹಿಂದೆ, ಭತ್ತದ ಕೊಯ್ಲು ಮುಗಿದ ಒಂದು ಡಿಸೆಂಬರ್ ಬೆಳಿಗ್ಗೆ, ನಮ್ಮೂರು ಹಿಲ್ಲೂರಿನ ಗದ್ದೆಯಲ್ಲಿ ನಾಡಬಾಂಬ್ ಸಿಡಿದು ನಮ್ಮ ಆಚೆಮನೆಯ ಅಕ್ಕ ಎಡಗಣ್ಣು ಕಳೆದುಕೊಂಡಳು. ಮೊನ್ನೆ ಕಾರವಾರದಲ್ಲಿ ಮದುವೆ ದಿಬ್ಬಣವೊಂದು ಪಟಾಕಿ ಹಚ್ಚಿ ಮುಂದೆ ಹೋಯಿತು. ರಸ್ತೆಯಲ್ಲಿ ಉಳಿದ ಮದ್ದಿನ ವಾಸನೆಗೆ ಆ ಗದ್ದೆ ನೆನಪಾಯಿತು.

ಕಾಡುಹಂದಿ ಕೊಲ್ಲಲು ಯಾರೋ ಬಟ್ಟೆಯಲ್ಲಿ ಬಿಗಿದ ಮದ್ದಿನ ಉಂಡೆಗೆ ಹಿಟ್ಟು ಮೆತ್ತಿ ಇಟ್ಟಿದ್ದರು. ಹಂದಿ ಮುಟ್ಟಿರಲಿಲ್ಲ. ಕೆಸರು ಹಿಡಿದು, ಒಣಗಿ, ಉಳುಮೆಯಲ್ಲೂ ಸಿಡಿಯದೆ ಅದು ಮಣ್ಣಿನ ಹೆಂಟೆಗಳ ನಡುವೆ ಇನ್ನೊಂದು ಹೆಂಟೆಯಾಗಿ ಬಿದ್ದಿತ್ತು. ನಮ್ಮಲ್ಲಿ ಶೇಂಗಾ ಬಿತ್ತುವ ಮೊದಲು ಹೆಂಟೆಗಳನ್ನು ಕೊಡತಿಯಿಂದ, ಉದ್ದ ಕಾವಿನ ಮರದ ಸುತ್ತಿಗೆಯಿಂದ, ಬಡಿದು ಪುಡಿ ಮಾಡುತ್ತಾರೆ. ಅಕ್ಕ ಬಡಿದಳು. ಕಾವು ಉದ್ದವಿದ್ದದ್ದರಿಂದ ಜೀವ ಉಳಿಯಿತು ಎಂದು ಡಾಕ್ಟರು ಹೇಳಿದರಂತೆ...

ಗಂಡ ತೀರಿಕೊಂಡ ಮೇಲೆ ಅವಳಿಗಿದ್ದದ್ದು ಅದೊಂದೇ ಗದ್ದೆ. ಆಸ್ಪತ್ರೆಯಿಂದ ಬಂದ ದಿನವೇ ಅವಳ ಭಾವ ಜಗುಲಿಯಲ್ಲಿ ಕೂತು ಮಾತು ತೆಗೆದ.

"ಕಣ್ಣು ಹೋದದ್ದು ಸಾಲ್ದೇ? ಆ ಗದ್ದೆ ಬೀಳು ಬಿಡು. ಅಕೇಶಿಯಾ ನೆಟ್ರಾಯ್ತು."

"ಅಕೇಶಿಯಾ ಬೇಯ್ಸಿ ಉಣ್ಣೂಕಾಗ್ತದ್ಯೇನ್ ಭಾವಾ?"

"ಮತ್ತೊಂದು ಇದ್ರೆ?"

"ಇಟ್ಟವಂಗೆ ಗೊತ್ತಿರ್ತದಲ್ಲ!"

ಗಾಯದ ಪಟ್ಟಿ ಬಿಚ್ಚುವ ಮೊದಲೇ ಅವಳು ಊರಿನ ಚಾದಂಗಡಿಗೆ ಹೋದಳು. ಬೆಂಚಿನಲ್ಲಿದ್ದವರು ಲೋಟ ಕೆಳಗಿಟ್ಟರು. ಬಾಂಬ್ ಇಟ್ಟವನ ಹೆಸರು ಹೇಳಬಾರದೆಂಬುದು ಊರಿನ ಮಾತಿಲ್ಲದ ಕಟ್ಟಳೆ. ಹಂದಿ ಮಾಂಸ ಎಲ್ಲರ ಮನೆಗೂ ಬರುತ್ತಿತ್ತು.

"ಹೆಸ್ರು ಪೊಲೀಸ್ರು ಕೇಳ್ಕಳ್ಳಿ. ನಂಗೆ ಜಾಗ ಬೇಕು," ಎಂದಳು. "ಉಳಿದದ್ದು ಎಲ್ಲದೆ ಅಂತ ಗುರ್ತು ಹಾಕಿ. ಇಲ್ದಿದ್ರೆ ನಾಡಿದ್ದು ನಾನೇ ಕೊಡತಿ ಹಿಡ್ಕಂಡು ಇಳೀತೆ. ಸತ್ರೆ ನಿಮ್ಮ ಬಾಗಿಲಿಗೇ ತಂದು ಹಾಕೂಕೆ ಮಗಂಗೆ ಹೇಳಿಟ್ಟಿದ್ದೆ."

ಮಾರನೇ ಬೆಳಿಗ್ಗೆ ಗದ್ದೆಯ ಕಾಡಿನ ಬದಿಗೆ ಎರಡು ಕಡೆ ಸೊಪ್ಪು ಕಟ್ಟಿದ ಕೋಲುಗಳು ನಿಂತಿದ್ದವು. ಪೊಲೀಸರು ಬಂದು ಎರಡೂ ಕಡೆ ಅಗೆದು ಉಂಡೆಗಳನ್ನು ಒಯ್ದರು. ಇಟ್ಟವನು ಸಿಗಲಿಲ್ಲ.

ಮರುದಿನ ಅವಳು ಗದ್ದೆಗೆ ಇಳಿದಳು. ಕೈಯಲ್ಲಿ ಅದೇ ಕೊಡತಿ, ಒಂದು ಮಗ್ಗುಲು ಸುಟ್ಟು ಕಪ್ಪಾದದ್ದು. ನಾವೆಲ್ಲ ದೂರದ ಹಾಳಿಯ ಮೇಲೆ, ಗದ್ದೆಯ ಬದುವಿನಲ್ಲಿ, ನಿಂತಿದ್ದೆವು. ಮೊದಲ ಪೆಟ್ಟು ಹೆಂಟೆಗೆ ತಾಗದೆ ಪಕ್ಕಕ್ಕೆ ಬಿತ್ತು. ಒಂದೇ ಕಣ್ಣಿಗೆ ದೂರದ ಅಂದಾಜು ಸಿಕ್ಕಿರಲಿಲ್ಲ. ಎರಡನೆಯದೂ ತಪ್ಪಿತು. ಮೂರನೆಯದಕ್ಕೆ ಹೆಂಟೆ ಪುಡಿಯಾಯಿತು. ಅವಳು ತಿರುಗಿ ನೋಡಿದಳು.

"ನಾಟಕ ನೋಡೂಕೆ ಬಂದ್ರ್ಯೇ? ಬರ್ರೋ, ಹೆಂಟೆ ಸುಮಾರದೆ!"

ಮೊದಲು ಇಳಿದವನು ಭಾವ.

ಆಮೇಲೆ ಪ್ರತಿ ವರ್ಷ ಅವಳೇ ಬಡಿದಳು. ಆ ಶೇಂಗಾ ಬೇಯಿಸಿ ಕೊಡುವಾಗ ತಟ್ಟೆಯ ಅಂಚನ್ನು ಬೆರಳಿನಿಂದ ಹುಡುಕುತ್ತಿದ್ದದ್ದು ನೆನಪಿದೆ... ಈ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಆಚೆಮನೆಯಲ್ಲಿ ಈಗ ಆ ದನಿ ಇಲ್ಲ.

ನಿನ್ನೆ ಅವಳ ಸೊಸೆಗೆ ಫೋನ್ ಮಾಡಿದ್ದೆ. ಹೆಂಟೆ ಒಡೆದು ಮುಗಿದಿದೆ. ಶೇಂಗಾ ಬಿತ್ತಿದ್ದಾರೆ.