ಕಂಬದ ಮೇಲಿನ ಹೆಸರು

ಭದ್ರಾವತಿಯಲ್ಲಿ ಪೇಂಟ್ ಅಂಗಡಿ ಇಟ್ಟಿದ್ದ ಷಡಕ್ಷರಪ್ಪನವರು ಪ್ರತಿ ಶಿವರಾತ್ರಿಗೂ ಊರಾಚೆಯ ಹಳೇ ಕಲ್ಲುಗುಡಿಯ ಕಂಬಗಳಿಗೆ ಪುಕ್ಕಟೆಯಾಗಿ ಆಯಿಲ್ ಪೇಂಟ್ ಹೊಡೆಸುತ್ತಿದ್ದರು. ಅದರ ಮೇಲೆ ತಮ್ಮ ಹೆಸರನ್ನೂ ಬರೆಸುತ್ತಿದ್ದರು. ಕಳೆದ ವರ್ಷ ಗುಡಿ ನೋಡಲು ಬಂದ ಸಂರಕ್ಷಣಾ ತಂಡದ ಅತೀಕಾ, ಒಂದು ಕಂಬದಲ್ಲಿ ಅಂಗೈಯಗಲ ಬಣ್ಣ ಕೆರೆದು ತೆಗೆದಳು. ಮೂವತ್ತು ಪದರಗಳ ಕೆಳಗೆ ನರ್ತಕಿಯೊಬ್ಬಳ ಕಾಲ್ಬೆರಳು ಉಗುರಿನ ಸಮೇತ ಕಂಡಿತು. ಪಕ್ಕದಲ್ಲೇ ನಿಂತಿದ್ದ ಷಡಕ್ಷರಪ್ಪನವರ ಮುಖಕ್ಕೆ ಯಾವ ಶೇಡ್ ಕಾರ್ಡಿನಲ್ಲೂ ಇಲ್ಲದ ಬಣ್ಣ ಬಂತು.

ಈಗ ಶಿವಮೊಗ್ಗದ ವಕೀಲೆ ಸುಮನಾಳ ಮುಂದೆ ಕೂತು ಉಯಿಲು ಬರೆಸಿದರು: ತಮ್ಮ ನಂತರ ಅಂಗಡಿ ಮಾರಿ, ಆ ದುಡ್ಡಿನಲ್ಲಿ ಕಂಬಗಳ ಬಣ್ಣವನ್ನೆಲ್ಲ ತೆಗೆಸಬೇಕು.

"ಎಂಥಾ ದಾನ ಸಾರ್! ಗುಡೀಲಿ ನಿಮ್ಮ ಹೆಸರಿನ ಬೋರ್ಡ್ ಹಾಕಿಸ್ಬೇಕಲ್ವಾ?" ಎಂದಳು ಸುಮನಾ.

"ದಾನ ಎಂಥದು ಮಾರಾಯ್ತಿ, ದಂಡ ಇದು," ಎಂದರು ಷಡಕ್ಷರಪ್ಪನವರು, ತಲೆಯೆತ್ತದೆ. "ಮೊದ್ಲು ನನ್ನ ಹೆಸರನ್ನೇ ಕೆರೀಲಿ ಅಂತ ಬರಿಯಮ್ಮ."