ನಾನು ಜಿಗಿಯದ ಬಾವಿ

ಮೊಮ್ಮಗಳಿಗೆ ಊಟ ಮಾಡಿಸುವಾಗ ನಾನು ಹೇಳುತ್ತಿದ್ದ ಕತೆಗಳೆಲ್ಲ ಕಲಬುರಗಿ ಕಡೆಯ ನಮ್ಮೂರ ಬಾವಿಯವು. ದಂಡೆಯಿಂದ ಧುಮುಕುವವಳು ನಾನು, ತಳ ಮುಟ್ಟಿ ಹಿಡಿಮಣ್ಣು ತರುವವಳು ನಾನು, ನೀರುಹಾವನ್ನು ಬಾಲ ಹಿಡಿದು ಎಸೆದವಳೂ ನಾನೇ. ನಿಜ ಹೇಳಬೇಕೆಂದರೆ ಅದನ್ನೆಲ್ಲ ಮಾಡಿದವನು ನಮ್ಮಣ್ಣ. ನಾನು ಮೆಟ್ಟಿಲ ಮೇಲೆ ಕುಳಿತು ಅವನ ಅಂಗಿ ಚಡ್ಡಿ ಕಾಯುತ್ತಿದ್ದೆ. ಅಂಗಿ ಕಾಯ್ದ ಕತೆಗೆ ಯಾವ ಮಗು ತುತ್ತಿಗೆ ಬಾಯಿ ತೆರೆಯುತ್ತದೆ?

ಬೇಸಿಗೆ ರಜೆಯಲ್ಲಿ ಮಕ್ಕಳು ಕೆರೆಯಲ್ಲಿ, ಕ್ವಾರಿ ಗುಂಡಿಯಲ್ಲಿ ಮುಳುಗಿದ ಸುದ್ದಿ ಓದಿ ನನ್ನ ಮಗಳು ಹೆದರಿದಳು. ಎಂಟು ವರ್ಷದ ಇವಳಿಗೆ ಈಜು ಕಲಿಸಲೇಬೇಕೆಂದು ಹಟ ಹಿಡಿದಳು. ನಾವೀಗಿರುವ ಈ ತೆಲುಗು ನಾಡಿನ ನಗರದಲ್ಲಿ ಮಗಳಿಗೆ ದಿನವಿಡೀ ಮಾದಾಪುರದ ಆಫೀಸು. ಈಜುಕೊಳಕ್ಕೆ ಕರೆದೊಯ್ಯುವ ಕೆಲಸ ನನಗೆ ಬಂತು. ಸುಲ್ತಾನ್ ಬಜಾರಿನಲ್ಲಿ ಚೌಕಾಸಿ ಮಾಡಿ, ಮುಂದಿನ ವರ್ಷಕ್ಕೂ ಆಗಲೆಂದು ಒಂದು ಸೈಜು ದೊಡ್ಡ ಈಜುಡುಗೆ ತಂದೆ. ನೀರಿಗಿಳಿದರೆ ಅದು ಪೂರಿಯಂತೆ ಉಬ್ಬುತ್ತಿತ್ತು. "ಆಪ್ ಉಧರ್ ಬೈಠೋ ಅಮ್ಮಾ" ಎಂದು ಈಜು ಕಲಿಸುವ ಹುಡುಗಿ ನನ್ನನ್ನು ಬೆಂಚಿಗೆ ಅಟ್ಟಿದಳು. ನಾನು ಕಚೇರಿಯಲ್ಲಿದ್ದ ಕಾಲಕ್ಕೆ ನನ್ನನ್ನು ಹಾಗೆ ಕೂರಿಸುವ ಧೈರ್ಯ ಯಾರಿಗೂ ಇರಲಿಲ್ಲ.

ನಾಲ್ಕನೆಯ ದಿನ ಆ ಹುಡುಗಿ ಬೇರೊಂದು ಮಗುವಿಗೆ ಕಾಲು ಬಡಿಯುವುದನ್ನು ತೋರಿಸುತ್ತ ಅತ್ತ ತಿರುಗಿದ್ದಳು. ನೋಡುತ್ತೇನೆ, ನಮ್ಮ ಮಹಾತಾಯಿ ಆಳದ ಕಡೆಯ ಕಟ್ಟೆಯ ಮೇಲೆ ನಿಂತಿದ್ದಾಳೆ. ಅವಳಿಗೆ ಇನ್ನೂ ನೆಟ್ಟಗೆ ತೇಲಲೂ ಬಾರದು.

"ಇಳಿ ಕೆಳಗ," ಎಂದೆ.

"ನಿನ್ನಂಗ ಜಿಗಿತೀನಿ ಅಜ್ಜಿ."

"ನಿನಗ ಇನ್ನೂ ಈಸಾಕ ಬರಂಗಿಲ್ಲ."

"ಮುಳುಗಿದ್ರ ನೀ ಬಂದು ತಗೀತಿಯಲ್ಲ."

ನಾನು ಕೊಚ್ಚಿಕೊಂಡಿದ್ದನ್ನೆಲ್ಲ ನಂಬಿ ಮಗು ಅಲ್ಲಿ ನಿಂತಿತ್ತು. ಕೊಳದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ: "ನನಗ ಈಸಾಕ ಬರಂಗಿಲ್ಲ."

"ಸುಳ್ಳು ಹೇಳಬ್ಯಾಡ."

ಇಷ್ಟು ವರ್ಷ ಸುಳ್ಳನ್ನೆಲ್ಲ ನುಂಗಿದವಳು ನಿಜಕ್ಕೆ ಮಾತ್ರ ತಗಾದೆ ತೆಗೆದಳು.

"ಬಾವ್ಯಾಗ ಜಿಗಿದಾಂವ ನಮ್ಮಣ್ಣ. ನಾ ಅವನ ಅಂಗಿ ಕಾಯಕೋತ ಕುಂದರ್ತಿದ್ದೆ. ನೀ ಮುಳುಗಿದ್ರ ನನ್ನ ಕೈಲೆ ಏನೂ ಆಗಂಗಿಲ್ಲವಾ."

ಅವಳು ಹಿಂದೆ ಸರಿದು ಕಟ್ಟೆ ಇಳಿದಳು. ಓಡಿ ಬಂದ ಹುಡುಗಿ ಅವಳಿಗೆ ತೆಲುಗಿನಲ್ಲಿ, ನನಗೆ ಹಿಂದಿಯಲ್ಲಿ ಚೆನ್ನಾಗಿ ಬೈದಳು.

ಆಟೋ ಮನೆ ಹತ್ತಿರ ಬಂದಾಗ ಕೇಳಿದಳು: "ಮತ್ತ ಆ ಹಾವು?"

"ಅದೂ ಅಣ್ಣಂದ."

"ನಿನಗ್ಯಾಕ ಯಾರೂ ಕಲಿಸಲಿಲ್ಲ?"

"ಹುಡುಗ್ಯಾರಿಗೆ ಕಲಿಸ್ತಿದ್ದಿಲ್ಲವಾ," ಎಂದೆ. ಹೇಳುವಾಗ ನನಗೆ ಅಳು ಬಂತು. ಆ ಮೆಟ್ಟಿಲ ಮೇಲೆ ಕುಳಿತಾಗ ನೀರಿಗಿಳಿಯಲು ಎಷ್ಟು ಆಸೆಯಿತ್ತೆಂದು ಅಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

"ಹಂಗಾರ ಈಗ ಕಲಿ," ಎಂದಳು, ಹೋಂವರ್ಕ್ ಕೊಟ್ಟಂತೆ.

ಈಗ ಹೆಂಗಸರ ಬೆಳಗಿನ ಬ್ಯಾಚಿನಲ್ಲಿ ನಾನೇ ಎಲ್ಲರಿಗಿಂತ ಹಿರಿಯಳು. ಮೊಮ್ಮಗಳು ಕೊಳದ ಈ ಬದಿಯಿಂದ ಆ ಬದಿಗೆ ಈಜುತ್ತಾಳೆ. ನಾನು ಹತ್ತು ಎಣಿಸುವಷ್ಟು ಹೊತ್ತು ತೇಲುತ್ತೇನೆ. ಶಾಲೆಗೆ ರಜೆಯಿದ್ದ ದಿನ ಅವಳೂ ಜೊತೆಗೆ ಬರುತ್ತಾಳೆ. ನನ್ನ ಕನ್ನಡಕ, ಟವೆಲ್ಲು, ಮಡಿಸಿದ ಸೀರೆ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂರುತ್ತಾಳೆ. ನಾನು ಮೆಟ್ಟಿಲಲ್ಲಿ ಅನುಮಾನಿಸಿ ನಿಂತರೆ ಅಲ್ಲಿಂದಲೇ ಹೇಳುತ್ತಾಳೆ:

"ನೀ ಇಳಿ ಅಜ್ಜಿ. ಸೀರಿ ನಾ ಕಾಯ್ತೀನಿ."